ಮರಳಿ ಬರುವ ಮುಖ

ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಟ್ರಾನಿಕ್ 1970ರ ದಶಕದಲ್ಲಿ ಒಂದು ಪ್ರಯೋಗ ಮಾಡಿದರು. ನೋಡಲು ತೀರಾ ಸರಳ. ಕೆಲವು ತಿಂಗಳ ಕೂಸನ್ನು ಕುರ್ಚಿಯಲ್ಲಿ ಕೂರಿಸುತ್ತಾರೆ. ತಾಯಿ ಎದುರು ಕುಳಿತು ಎಂದಿನಂತೆ ಮಾತಾಡಿಸುತ್ತಾಳೆ, ನಗಿಸುತ್ತಾಳೆ, ಕಾಲಿಗೆ ಕಚಗುಳಿ ಇಡುತ್ತಾಳೆ. ಸ್ವಲ್ಪ ಹೊತ್ತಾದ ಮೇಲೆ ಆಕೆ ಅತ್ತ ತಿರುಗಿ ಮತ್ತೆ ಇತ್ತ ಮುಖ ಮಾಡುತ್ತಾಳೆ. ಈಗ ಆ ಮುಖದಲ್ಲಿ ಕೋಪವಿಲ್ಲ, ಬೇಸರವಿಲ್ಲ, ನಗುವೂ ಇಲ್ಲ. ಕಣ್ಣು ಮಗುವಿನ ಮೇಲೆಯೇ ಇದೆ, ಆದರೆ ಮುಖ ಉತ್ತರ ಕೊಡುವುದಿಲ್ಲ. ಎರಡು-ಮೂರು ನಿಮಿಷ, ಅಷ್ಟೇ.

ಮಗುವಿಗೆ ಏನೋ ತಪ್ಪಿದೆ ಎಂದು ಗೊತ್ತಾಗಲು ಕ್ಷಣವೂ ಬೇಡ. ಮೊದಲು ನಗುತ್ತದೆ, ಏಕೆಂದರೆ ಆ ನಗೆಗೆ ಅಮ್ಮ ಸೋಲುತ್ತಾಳೆಂದು ಅದಕ್ಕೆ ಗೊತ್ತು. ಸೋಲಲಿಲ್ಲ. ಏನನ್ನೋ ಬೆರಳು ಮಾಡಿ ತೋರಿಸುತ್ತದೆ. ಎರಡೂ ಕೈ ಮುಂದಕ್ಕೆ ಚಾಚುತ್ತದೆ. ಕೀರಲು ದನಿ ತೆಗೆಯುತ್ತದೆ. ತನ್ನ ಪುಟ್ಟ ಬದುಕಿನಲ್ಲಿ ಕಲಿತ ಉಪಾಯಗಳನ್ನೆಲ್ಲ ಒಂದಾದ ಮೇಲೊಂದು ಪ್ರಯೋಗಿಸಿ, ಯಾವುದೂ ನಡೆಯದಾಗ ಮುಖ ತಿರುಗಿಸುತ್ತದೆ. ಮೈ ಕುಸಿಯುತ್ತದೆ. ಕೊನೆಗೆ ಅಳು. 1978ರಲ್ಲಿ ಟ್ರಾನಿಕ್ ಮತ್ತು ಸಂಗಡಿಗರು ಇದನ್ನು ಪ್ರಕಟಿಸಿದಾಗ ಕೈಯಲ್ಲಿ ಹಿಡಿದು ನೋಡುವ ಫೋನ್ ಯಾರ ಮನೆಯಲ್ಲೂ ಇರಲಿಲ್ಲ. ಇಂದು ಆ ಪ್ರಯೋಗದ ವಿಡಿಯೊ ನೋಡುವ ಯಾವ ತಂದೆತಾಯಿಗೂ ಎದೆ ಸಣ್ಣಗೆ ಅದುರುತ್ತದೆ. ಆ ಭಾವವಿಲ್ಲದ ಮುಖವನ್ನು ನಾವೆಲ್ಲ ಬಲ್ಲೆವು. ಸಂದೇಶ ಓದುತ್ತಿರುವವರ ಮುಖ ಹಾಗೆಯೇ ಇರುತ್ತದೆ.

ಸಂಶೋಧಕರಿಗೂ ಇದು ಹೊಳೆಯದೆ ಇರಲಿಲ್ಲ. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ನ್ಯೂಯಾರ್ಕಿನ ಹಂಟರ್ ಕಾಲೇಜಿನ ತಂಡ ಅದೇ ಪ್ರಯೋಗವನ್ನು ತಾಯಿಯ ಕೈಗೆ ಮೊಬೈಲ್ ಕೊಟ್ಟು ನಡೆಸಿತು. ತಾಯಿ ಫೋನಿನಲ್ಲಿ ಮುಳುಗಿದಾಗ ಮಕ್ಕಳ ನಗು ಕಡಿಮೆಯಾಯಿತು, ಕಸಿವಿಸಿ ಹೆಚ್ಚಿತು, ಆಟಿಕೆಗಳತ್ತ ಹೋಗುವ ಉತ್ಸಾಹವೂ ಇಳಿಯಿತು. ಆ ಅಧ್ಯಯನದ ಇನ್ನೊಂದು ಫಲಿತಾಂಶ ನನಗೆ ಇದಕ್ಕಿಂತ ಮುಖ್ಯವೆನಿಸಿದೆ. ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಕೇಳಬೇಕಾದ್ದು ಬೇರೆಯೇ ಇದೆ. ಆ ಮಗು ಬೇಡುತ್ತಿದ್ದುದಾದರೂ ಏನನ್ನು? ತಾಯಿ ಎದುರಿಗೇ ಇದ್ದಳು. ನೋಡುತ್ತಲೂ ಇದ್ದಳು. ಹಸಿವಿರಲಿಲ್ಲ, ನೋವಿರಲಿಲ್ಲ. ತಾನು ಮಾಡಿದ್ದಕ್ಕೆ ಲೋಕದಲ್ಲಿ ಏನಾದರೂ ಆಗಬೇಕು ಎಂಬುದೊಂದೇ ಅದರ ಬೇಡಿಕೆ. ನಾನು ನಕ್ಕರೆ ಒಂದು ಮುಖ ಅರಳುತ್ತದೆ, ನಾನು ಕೂಗಿದರೆ ಯಾರೋ ಓಗೊಡುತ್ತಾರೆ. ನಾನು ಇದ್ದೇನೆ ಎನ್ನುವುದಕ್ಕೆ ಮಗುವಿಗೆ ಸಿಗುವ ಮೊದಲ ಪುರಾವೆ ಇದು.

ಮಾತು ಕಲಿಯುವುದೂ ಹೀಗೆಯೇ. ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಪೆಟ್ರೀಷಿಯಾ ಕೂಲ್ 2003ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಒಂಬತ್ತು ತಿಂಗಳ ಅಮೆರಿಕನ್ ಮಕ್ಕಳ ಒಂದು ಗುಂಪಿನ ಜೊತೆ ಚೀನಿ ಭಾಷಿಕರು ನೆಲದ ಮೇಲೆ ಕುಳಿತು, ಪುಸ್ತಕ ಆಟಿಕೆಗಳನ್ನು ತೋರಿಸುತ್ತಾ ಮ್ಯಾಂಡರಿನ್‌ನಲ್ಲಿ ಮಾತಾಡಿದರು. ಇನ್ನೊಂದು ಗುಂಪಿಗೆ ಅದೇ ಭಾಷಿಕರ, ಅದೇ ಮಾತಿನ ಡಿವಿಡಿ ಹಾಕಿದರು. ಜೊತೆಗೆ ಕುಳಿತ ಮಕ್ಕಳ ಕಿವಿ ಆ ಭಾಷೆಯ ಧ್ವನಿಗಳನ್ನು ಗುರುತಿಸುವುದನ್ನು ಕಲಿಯಿತು. ಡಿವಿಡಿ ನೋಡಿದ ಮಕ್ಕಳು ಏನನ್ನೂ ಕಲಿಯಲಿಲ್ಲ.

ಹಾಗಾದರೆ ಪರದೆಯೇ ವಿಷ ಎನ್ನೋಣವೇ? ಅಲ್ಲ. 2014ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಸಾರಾ ರೋಸ್‌ಬೆರಿ ಮತ್ತಿತರರು ಎರಡರಿಂದ ಎರಡೂವರೆ ವರ್ಷದ ಮಕ್ಕಳಿಗೆ ಹೊಸ ಕ್ರಿಯಾಪದಗಳನ್ನು ಮೂರು ಬಗೆಯಲ್ಲಿ ಕಲಿಸಿ ನೋಡಿದರು: ಎದುರು ಕುಳಿತು, ವಿಡಿಯೊ ಕರೆಯಲ್ಲಿ, ಮತ್ತು ಮೊದಲೇ ಚಿತ್ರಿಸಿಟ್ಟ ವಿಡಿಯೊದಲ್ಲಿ. ಎದುರಿಗೆ ಕುಳಿತಾಗ ಕಲಿತಂತೆಯೇ ವಿಡಿಯೊ ಕರೆಯಲ್ಲೂ ಮಕ್ಕಳು ಕಲಿತರು. ಚಿತ್ರಿಸಿಟ್ಟ ವಿಡಿಯೊದಲ್ಲಿ ಕಲಿಯಲಿಲ್ಲ. ಗಾಜು ಅದೇ, ಬೆಳಕು ಅದೇ. ಒಂದರಲ್ಲಿ ಆಚೆ ಬದಿಯ ವ್ಯಕ್ತಿ ಮಗುವಿನ ಮಾತಿಗೆ ಕಾಯುತ್ತಿದ್ದರು, ಮಗು ನಕ್ಕಾಗ ನಗುತ್ತಿದ್ದರು. ಶಿವಮೊಗ್ಗದ ಅಜ್ಜಿ ಸಿಡ್ನಿಯ ಮೊಮ್ಮಗುವಿಗೆ ಫೋನಿನಲ್ಲಿ ‘ಕಿವಿ ಎಲ್ಲಿ? ಮೂಗು ಎಲ್ಲಿ?’ ಎಂದು ಕೇಳುವುದು, ಮಗು ಮೂಗು ಮುಟ್ಟಿ ತೋರಿಸಿದಾಗ ಅಜ್ಜಿ ಚಪ್ಪಾಳೆ ತಟ್ಟುವುದು ನಿಜವಾದ ಒಡನಾಟವೇ. ಸಮುದ್ರದಾಚೆ ಮಕ್ಕಳನ್ನು ಕಳಿಸಿ ಕುಳಿತ ಸಾವಿರಾರು ಕನ್ನಡದ ಮನೆಗಳಿಗೆ ಇದು ಸಮಾಧಾನದ ಸಂಗತಿ. ಅದನ್ನು ‘ಸ್ಕ್ರೀನ್ ಟೈಮ್’ ಎಂಬ ಲೆಕ್ಕಕ್ಕೆ ಸೇರಿಸುವುದು ಅನ್ಯಾಯ.

ಉತ್ತರ ಕೊಡುವವರು ಇದ್ದರೆ ಸಾಕು, ಗಾಜು ಅಡ್ಡಿಯಲ್ಲ. ಇಲ್ಲಿಯವರೆಗೆ ದಾರಿ ಸ್ಪಷ್ಟ. ಕಷ್ಟ ಶುರುವಾಗುವುದು ಇಲ್ಲಿಂದ ಮುಂದೆ, ಏಕೆಂದರೆ ಈಗ ಯಂತ್ರವೂ ಉತ್ತರ ಕೊಡುತ್ತದೆ.

ಯಿಂಗ್ ಶು ಎಂಬ ಸಂಶೋಧಕಿ ಮತ್ತು ಅವರ ತಂಡ ಮೂರರಿಂದ ಆರು ವರ್ಷದ 117 ಮಕ್ಕಳಿಗೆ ಕಥೆ ಓದಿಸಿ ನೋಡಿದರು. ಕೆಲವು ಮಕ್ಕಳಿಗೆ ಓದಿದ್ದು ಸ್ಮಾರ್ಟ್ ಸ್ಪೀಕರ್. ಅದು ನಡುನಡುವೆ ನಿಲ್ಲಿಸಿ ಪ್ರಶ್ನೆ ಕೇಳುತ್ತಿತ್ತು, ಮಗು ಹೇಳಿದ್ದಕ್ಕೆ ತಕ್ಕಂತೆ ಪ್ರತಿಕ್ರಿಯಿಸುತ್ತಿತ್ತು. ಹಾಗೆ ಮಾತುಕತೆಯೊಂದಿಗೆ ಕಥೆ ಕೇಳಿದ ಮಕ್ಕಳಿಗೆ, ಸುಮ್ಮನೆ ಕೇಳಿದ ಮಕ್ಕಳಿಗಿಂತ ಕಥೆ ಚೆನ್ನಾಗಿ ಅರ್ಥವಾಯಿತು. ಈ ಫಲಿತಾಂಶವನ್ನು ಅಲ್ಲಗಳೆಯುವುದು ಪ್ರಾಮಾಣಿಕತೆಯಲ್ಲ. ಓದಿ ಹೇಳಲು ಯಾರೂ ಇಲ್ಲದ ಮನೆಯ ಮಗುವಿಗೆ ಇಂಥದ್ದೊಂದು ಸಾಧನ ಸಿಕ್ಕರೆ ಅದನ್ನು ಕಿತ್ತುಕೊಳ್ಳಲು ನನಗೆ ಮನಸ್ಸು ಬಾರದು.

ಆದರೆ ಉತ್ತರ ಕೊಡುವ ಯಂತ್ರಗಳು ಮನೆಗೆ ತಂದ ಬೇರೆ ಸಂಗತಿಗಳೂ ಇವೆ. 2021ರ ಡಿಸೆಂಬರ್‌ನಲ್ಲಿ, ಏನಾದರೂ ಸವಾಲು ಕೊಡು ಎಂದು ಕೇಳಿದ ಹತ್ತು ವರ್ಷದ ಹುಡುಗಿಗೆ ಅಮೆಜಾನ್‌ನ ಧ್ವನಿ ಸಹಾಯಕ ಅಲೆಕ್ಸಾ ಕೊಟ್ಟ ಸಲಹೆ ಇದು: ಗೋಡೆಯ ಸಾಕೆಟ್ಟಿಗೆ ಚಾರ್ಜರನ್ನು ಅರ್ಧ ಸಿಕ್ಕಿಸಿ, ಹೊರಗೆ ಕಾಣುವ ಲೋಹದ ಕಡ್ಡಿಗೆ ನಾಣ್ಯ ಮುಟ್ಟಿಸು. ಪಕ್ಕದಲ್ಲಿ ತಾಯಿ ಇದ್ದಳು. 2023ರಲ್ಲಿ, ಮಕ್ಕಳ ಧ್ವನಿಮುದ್ರಣಗಳನ್ನು ಅಳಿಸದೆ ಇಟ್ಟುಕೊಂಡ ಆರೋಪದ ಪ್ರಕರಣವನ್ನು ಇತ್ಯರ್ಥ ಮಾಡಿಕೊಳ್ಳಲು ಅಮೆಜಾನ್ 2.5 ಕೋಟಿ ಡಾಲರ್ ದಂಡ ತೆರಲು ಒಪ್ಪಿತು. 2025ರ ನವೆಂಬರ್‌ನಲ್ಲಿ ಅಮೆರಿಕದ ಗ್ರಾಹಕ ಸಂಘಟನೆಯೊಂದು ಕೃತಕ ಬುದ್ಧಿಮತ್ತೆಯ ಆಟಿಕೆಗಳನ್ನು ಪರೀಕ್ಷಿಸಿದಾಗ, ‘ಕುಮ್ಮ’ ಎಂಬ ಕರಡಿ ಗೊಂಬೆ ಬೆಂಕಿಕಡ್ಡಿ ಗೀರುವುದು ಹೇಗೆಂದು ವಿವರಿಸಿತು, ಮಕ್ಕಳ ಕಿವಿಗೆ ಬೀಳಬಾರದ ಲೈಂಗಿಕ ವಿಷಯಗಳನ್ನೂ ಮಾತಾಡಿತು. ಕಂಪನಿ ಆ ಗೊಂಬೆಯ ಮಾರಾಟವನ್ನು ಆಗ ತಡೆಹಿಡಿಯಿತು.

ಇವೆಲ್ಲ ತಿದ್ದಬಹುದಾದ ದೋಷಗಳು. ನಾಳೆಯ ಗೊಂಬೆ ಎಲ್ಲ ಪರೀಕ್ಷೆಗಳನ್ನೂ ದಾಟಿ ಬರಬಹುದು. ಬೆಂಕಿಯ ಮಾತೆತ್ತದೆ, ಧ್ವನಿ ಕದಿಯದೆ, ಮಗುವಿನ ಪ್ರತಿ ಪ್ರಶ್ನೆಗೂ ಸಿಡುಕದೆ, ದಣಿಯದೆ, ‘ಆಮೇಲೆ ಹೇಳ್ತೀನಿ ಹೋಗು’ ಎನ್ನದೆ ಉತ್ತರಿಸಬಹುದು. ಆಗ? ಸಿಡುಕುವ, ದಣಿಯುವ, ಆಮೇಲೆ ಎನ್ನುವ ನಮ್ಮ ಬಳಿ ಆ ಗೊಂಬೆಯ ಬಳಿ ಇಲ್ಲದ್ದು ಏನು ಉಳಿಯುತ್ತದೆ?

ಈ ಪ್ರಶ್ನೆಗೆ ಸುಳಿವು ಟ್ರಾನಿಕ್ ಅವರ ಕೆಲಸದ ಇನ್ನೊಂದು ಭಾಗದಲ್ಲಿದೆ. ಜನ ನೆನಪಿಟ್ಟುಕೊಂಡಿರುವುದು ಕಲ್ಲಾದ ಮುಖವನ್ನು. ಆದರೆ ಅವರು ತಾಯಿ-ಮಗುವಿನ ದಿನನಿತ್ಯದ, ಯಾವ ತೊಂದರೆಯೂ ಇಲ್ಲದ ಒಡನಾಟವನ್ನೂ ಕ್ಷಣಕ್ಷಣ ಬಿಡಿಸಿ ನೋಡಿದ್ದರು. ಒಳ್ಳೆಯ ತಾಯಿ ಸದಾ ಮಗುವಿನ ಮನಸ್ಸಿಗೆ ಶ್ರುತಿಗೂಡಿ ಇರುತ್ತಾಳೆ ಎಂದು ನಾವು ಭಾವಿಸುತ್ತೇವೆ. ಅವರಿಗೆ ಕಂಡದ್ದು ಹಾಗಿರಲಿಲ್ಲ. ಆರೋಗ್ಯವಾಗಿರುವ ಜೋಡಿಗಳಲ್ಲೂ ಇಬ್ಬರ ಭಾವ ಹೊಂದಿಕೊಂಡಿರುವುದು ಸುಮಾರು ಶೇ 30ರಷ್ಟು ಸಮಯ ಮಾತ್ರ. ಉಳಿದ ಹೊತ್ತೆಲ್ಲ ತಪ್ಪುತ್ತಲೇ ಇರುತ್ತದೆ. ಮಗುವಿಗೆ ಆಟ ಬೇಕು, ಅಮ್ಮ ಮುಖ ಒರೆಸುತ್ತಾಳೆ. ಅಮ್ಮನಿಗೆ ಮುದ್ದು ಬೇಕು, ಮಗುವಿಗೆ ಫ್ಯಾನ್ ನೋಡಬೇಕು. ತಪ್ಪುತ್ತದೆ, ಇಬ್ಬರಿಗೂ ತಿಳಿಯುತ್ತದೆ, ಇಬ್ಬರೂ ಒಂದೊಂದು ಹೆಜ್ಜೆ ಸರಿದು ಮತ್ತೆ ಸೇರುತ್ತಾರೆ. ಮಗುವನ್ನು ಗಟ್ಟಿಗೊಳಿಸುವುದು ಈ ಮತ್ತೆ ಸೇರುವಿಕೆ ಎಂದು ಟ್ರಾನಿಕ್ ಹೇಳುತ್ತಾ ಬಂದರು.

ಇದನ್ನು ಓದಿದ ಮೇಲೆ ಸಂಬಂಧ ಎಂಬುದರ ಬಗ್ಗೆ ನನ್ನ ಎಣಿಕೆಯೇ ಬದಲಾಯಿತು. ಪ್ರೀತಿಯೆಂದರೆ ತಪ್ಪದೇ ಇರುವುದಲ್ಲ. ಕೆಟ್ಟದ್ದು ಸರಿಹೋಗುತ್ತದೆ, ದೂರ ಹೋದ ಮುಖ ಮರಳಿ ಬರುತ್ತದೆ ಎಂಬ ಭರವಸೆ ಮಗುವಿನಲ್ಲಿ ದಿನಕ್ಕೆ ನೂರು ಸಲ ಹೀಗೆ ನೆಲೆಗೊಳ್ಳುತ್ತದೆ. ಮುಂದೆ ಬದುಕಿನಲ್ಲಿ ಗೆಳೆಯ ಮುನಿದಾಗ, ಕೆಲಸ ಕೈತಪ್ಪಿದಾಗ, ಪ್ರೀತಿ ಮುರಿದಾಗ ಮನುಷ್ಯನನ್ನು ಎತ್ತಿ ನಿಲ್ಲಿಸುವುದು ಹಾಲುಹಲ್ಲಿನ ಕಾಲದಲ್ಲಿ ನೆಲೆಗೊಂಡ ಈ ಭರವಸೆಯೇ ಎಂದು ನಾನು ನಂಬುತ್ತೇನೆ.

ಹಂಟರ್ ಕಾಲೇಜಿನ ಅಧ್ಯಯನದ ಬಗ್ಗೆ ಹೇಳದೆ ಉಳಿಸಿದ್ದನ್ನು ಈಗ ಹೇಳಬಹುದು. ಆ ಪ್ರಯೋಗಕ್ಕೆ ಮೂರನೆಯ ಘಟ್ಟವೊಂದಿದೆ. ಕೊನೆಗೆ ತಾಯಿ ಮತ್ತೆ ಎಂದಿನ ತಾಯಿಯಾಗಿ ಮಗುವಿನ ಬಳಿ ಬರುತ್ತಾಳೆ. ದಿನನಿತ್ಯ ಹೆಚ್ಚು ಫೋನ್ ಬಳಸುತ್ತೇವೆ ಎಂದ ತಾಯಂದಿರ ಮಕ್ಕಳು ಚೇತರಿಸಿಕೊಳ್ಳಲು ಹೆಚ್ಚು ಕಷ್ಟಪಟ್ಟಿದ್ದು ಈ ಘಟ್ಟದಲ್ಲಿ. ಅಮ್ಮ ಮರಳಿದಳು, ಮಗು ಅಷ್ಟು ಬೇಗ ಮರಳಲಿಲ್ಲ. ಒಂದು ಅಧ್ಯಯನದಿಂದ ಕಾರಣ ಇದೇ ಎಂದು ತೀರ್ಮಾನಿಸಲಾಗದು, ಸಂಶೋಧಕರೂ ಹಾಗೆ ಹೇಳಿಲ್ಲ. ಆದರೂ ದೂರವಾಗುವುದಕ್ಕಿಂತ ಮರಳುವುದು ಎಷ್ಟು ಸಲ ತಪ್ಪಿತು ಎಂಬುದೇ ಮಗುವಿನ ಲೆಕ್ಕವಿರಬಹುದು. ಫೋನಿನಿಂದಾಗುವ ನಿಜವಾದ ಹಾನಿಯೂ ಅಲ್ಲೇ ಇದೆ. ಒಲೆಯ ಮೇಲಿನ ಹಾಲು ಉಕ್ಕಿದರೆ ಅಮ್ಮ ಓಡಿಹೋಗಿ ಒಲೆ ಆರಿಸಿ ಬರುತ್ತಾಳೆ. ಆ ಕೆಲಸಕ್ಕೆ ಒಂದು ಕೊನೆಯಿದೆ. ಬೆರಳಿನಡಿ ಒಂದರ ಹಿಂದೊಂದು ಜಾರುತ್ತಾ ಬರುವ ರೀಲ್ಸ್‌ಗೆ ಕೊನೆಯಿಲ್ಲ. ಕೊನೆ ಇರದಂತೆಯೇ ಅದನ್ನು ಕಟ್ಟಿದ್ದಾರೆ.

ದಣಿಯದ ಗೊಂಬೆಯ ಕೊರತೆ ಇನ್ನೊಂದು ಬಗೆಯದು. ಅದು ಮುನಿಯುವುದಿಲ್ಲ, ಆದ್ದರಿಂದ ರಾಜಿಯಾಗುವುದೂ ಇಲ್ಲ. ಮಗು ಅದಕ್ಕೆ ಬೈದರೂ ನೋಯುವುದಿಲ್ಲ, ಆದ್ದರಿಂದ ಮಗು ಕ್ಷಮೆ ಕೇಳಬೇಕಾದ ಸಂದರ್ಭವೇ ಬರುವುದಿಲ್ಲ. ಕೇಂಬ್ರಿಜ್‌ನ ನೋಮಿಶಾ ಕುರಿಯನ್ 2024ರಲ್ಲಿ ಎಚ್ಚರಿಸಿದ್ದು ಇದಕ್ಕೆ ಹತ್ತಿರದ ಮಾತು: ಮಕ್ಕಳು ಚಾಟ್‌ಬಾಟ್‌ಗಳನ್ನು ಜೀವವಿರುವ ಆಪ್ತರಂತೆ ಕಂಡು ಗುಟ್ಟು ಹೇಳಿಕೊಳ್ಳುತ್ತಾರೆ, ಆದರೆ ಆಚೆ ಬದಿಯಲ್ಲಿ ಮರುಕಪಡಬಲ್ಲದ್ದು ಏನೂ ಇಲ್ಲ. 2025ರಲ್ಲಿ ಕಾಮನ್ ಸೆನ್ಸ್ ಮೀಡಿಯಾ ನಡೆಸಿದ ಸಮೀಕ್ಷೆಯಲ್ಲಿ ಅಮೆರಿಕದ 13ರಿಂದ 17 ವರ್ಷದವರ ಪೈಕಿ ಶೇ 72ರಷ್ಟು ಮಂದಿ ಒಮ್ಮೆಯಾದರೂ ಕೃತಕ ಬುದ್ಧಿಮತ್ತೆಯ ಸಂಗಾತಿಯೊಂದಿಗೆ ಮಾತಾಡಿದ್ದರು, ಅರ್ಧಕ್ಕಿಂತ ಹೆಚ್ಚಿನವರಿಗೆ ಅದು ರೂಢಿಯಾಗಿತ್ತು. ಬೆಳಿಗ್ಗೆ ‘ನಿನ್ನ ಸಂಗ ಟೂ’ ಎಂದು ಮಧ್ಯಾಹ್ನ ಮಾವಿನಕಾಯಿ ಹಂಚಿಕೊಂಡು ರಾಜಿಯಾಗುವ ಗೆಳೆತನದಲ್ಲಿ ಮಗು ಕಲಿಯುವುದನ್ನು ಈ ಸಂಗಾತಿಗಳು ಕಲಿಸಲಾರವು. ಎಷ್ಟೇ ಸುಧಾರಿಸಿದರೂ ಕಲಿಸಲಾರವು.

ಊಟದ ಹೊತ್ತಿನ ಬಗ್ಗೆಯೂ ಹೇಳಬೇಕು. ‘ಮೊಬೈಲ್ ಕೊಟ್ರೆ ಮಾತ್ರ ತಿನ್ನುತ್ತೆ’ ಎಂಬ ಮಾತನ್ನು ಕೇಳದ ಮನೆಯಿಲ್ಲ. ಹಿಂದೆಯೂ ತಾಯಂದಿರು ಮಗುವಿನ ಗಮನ ಬೇರೆಡೆ ಸೆಳೆದೇ ತುತ್ತು ಇಡುತ್ತಿದ್ದರಲ್ಲ, ಚಂದಮಾಮನನ್ನು ತೋರಿಸುತ್ತಿರಲಿಲ್ಲವೇ ಎಂದು ಕೆಲವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಆದರೆ ಚಂದಮಾಮನನ್ನು ತೋರಿಸುವ ತಾಯಿ ತಾನೂ ಚಂದಮಾಮನನ್ನೇ ನೋಡುತ್ತಿದ್ದಳು. ಮಗು ಒಮ್ಮೆ ಆಕಾಶ ನೋಡಿ, ಒಮ್ಮೆ ಅವಳ ಮುಖ ನೋಡಿ, ಇಬ್ಬರೂ ಒಂದನ್ನೇ ನೋಡುತ್ತಿದ್ದೇವೆ ಎಂದು ಖಚಿತಪಡಿಸಿಕೊಂಡು ಬಾಯಿ ತೆರೆಯುತ್ತಿತ್ತು. ಒಂಬತ್ತು ತಿಂಗಳಿನಿಂದ ಒಂದು ವರ್ಷದೊಳಗೆ ಮೂಡುವ ಈ ಕೂಡಿ ನೋಡುವ ಶಕ್ತಿಯೇ ಭಾಷೆಗೂ ಮನುಷ್ಯ ಸಹವಾಸಕ್ಕೂ ಬುನಾದಿ ಎಂದು ಮೈಕಲ್ ತೊಮಾಸೆಲೊ ಅವರಂಥ ವಿದ್ವಾಂಸರು ವಾದಿಸಿದ್ದಾರೆ. ಮೊಬೈಲ್ ಹಿಡಿದ ಮಗು ಒಂಟಿಯಾಗಿ ನೋಡುತ್ತದೆ. ಬಾಯಿ ತೆರೆಯುತ್ತದೆ, ಯಾರ ಕೈ ಎಂದು ನೋಡುವುದಿಲ್ಲ.

ಅಳುವ ಮಗುವಿನ ಕೈಗೆ ಫೋನ್ ಕೊಟ್ಟು ಸುಮ್ಮನಾಗಿಸುವ ಅಭ್ಯಾಸವನ್ನು ಮಿಷಿಗನ್ ವಿಶ್ವವಿದ್ಯಾಲಯದ ಮಕ್ಕಳ ವೈದ್ಯೆ ಜೆನ್ನಿ ರಾಡೆಸ್ಕಿ ಮತ್ತು ಸಂಗಡಿಗರು ಮೂರರಿಂದ ಐದು ವರ್ಷದ 422 ಮಕ್ಕಳಲ್ಲಿ ಅನುಸರಿಸಿ ನೋಡಿದರು. ಮತ್ತೆ ಮತ್ತೆ ಹೀಗೆ ಸಮಾಧಾನಪಡಿಸಿದ ಮಕ್ಕಳಲ್ಲಿ, ಅದರಲ್ಲೂ ಗಂಡುಮಕ್ಕಳಲ್ಲಿ ಮತ್ತು ಮೊದಲೇ ಚುರುಕು ಸ್ವಭಾವದವರಲ್ಲಿ, ತಿಂಗಳುಗಳ ನಂತರ ಭಾವೋದ್ರೇಕ ಹೆಚ್ಚಾಗಿತ್ತು. ರಚ್ಚೆ ಹಿಡಿದ ಮಗುವಿನ ಪಕ್ಕ ಕೂರುವುದು ಎಷ್ಟು ಕಷ್ಟವೆಂದು ಕೂತವರಿಗೆ ಗೊತ್ತು. ಆದರೆ ಅಳು ತಾನಾಗಿ ಇಳಿಯುವವರೆಗೆ ಯಾರೋ ಜೊತೆಗಿದ್ದರು ಎಂಬ ಅನುಭವವನ್ನು ಮಗು ಬೇರೆಲ್ಲೂ ಪಡೆಯಲಾರದು.

ಜೊತೆಗಿರುವುದು ಎಂದೆ. ಕಾವಲಿರುವುದು ಬೇರೆ. ಕೂಸಿನ ಕಾಲಿಗೆ ಹಾಕಿ ಎದೆಬಡಿತ, ಆಮ್ಲಜನಕ ಅಳೆಯುವ ಸ್ಮಾರ್ಟ್ ಸಾಕ್ಸ್ ಬಂದಿವೆ; ಶಾಲೆಯ ಮಗು ಎಲ್ಲಿದೆ ಎಂದು ನಕ್ಷೆಯಲ್ಲಿ ತೋರಿಸುವ ಕೈಗಡಿಯಾರಗಳಿವೆ. ಭಯದಿಂದ ಇವನ್ನು ಕೊಳ್ಳುವ ತಂದೆತಾಯಿಯನ್ನು ದೂರಲಾರೆ. ಆದರೆ ಬ್ರಿಟಿಷ್ ಮಕ್ಕಳ ವೈದ್ಯ, ಮನೋವಿಶ್ಲೇಷಕ ಡೊನಾಲ್ಡ್ ವಿನಿಕಾಟ್ 1958ರಲ್ಲಿ ಪ್ರಕಟಿಸಿದ ಪ್ರಬಂಧದ ಒಂದು ವಿಚಾರ ನೆನಪಾಗುತ್ತದೆ: ಒಂಟಿಯಾಗಿರುವ ಶಕ್ತಿಯನ್ನು ಮಗು ಕಲಿಯುವುದು ತಾಯಿಯ ಸಮ್ಮುಖದಲ್ಲಿ. ಅವಳು ಅಲ್ಲೇ ಬಟ್ಟೆ ಮಡಚುತ್ತಿದ್ದಾಳೆ, ಮಗು ತನ್ನ ಪಾಡಿಗೆ ಮಣ್ಣಲ್ಲಿ ಆಡುತ್ತಿದೆ. ಅವಳು ನೋಡುತ್ತಿಲ್ಲ, ಆದರೆ ಕರೆದರೆ ಸಿಗುತ್ತಾಳೆ. ಈಗಿನ ಉಪಕರಣಗಳಲ್ಲಿ ಇದು ತಲೆಕೆಳಗಾಗಿದೆ. ಮಗುವನ್ನು ಸದಾ ನೋಡುತ್ತಿರುತ್ತೇವೆ, ಕರೆದಾಗ ಸಿಗುವುದಿಲ್ಲ.

ಇಷ್ಟು ಹೇಳಿದ ಮೇಲೆ ಎದುರು ಸಾಕ್ಷಿಯನ್ನೂ ಇಡಬೇಕು. ಆಕ್ಸ್‌ಫರ್ಡ್‌ನ ಏಮಿ ಆರ್ಬೆನ್ ಮತ್ತು ಆಂಡ್ರ್ಯೂ ಪ್ರಿಜಿಬಿಲ್‌ಸ್ಕಿ 2019ರಲ್ಲಿ 3.5 ಲಕ್ಷಕ್ಕೂ ಹೆಚ್ಚು ಹದಿಹರೆಯದವರ ಮಾಹಿತಿ ಪರಿಶೀಲಿಸಿದಾಗ, ಅವರ ನೆಮ್ಮದಿಯಲ್ಲಿನ ವ್ಯತ್ಯಾಸದಲ್ಲಿ ಡಿಜಿಟಲ್ ಬಳಕೆಯ ಪಾಲು ಹೆಚ್ಚೆಂದರೆ ಶೇ 0.4 ಎಂದು ಕಂಡಿತು. 2025ರಲ್ಲಿ ಬರ್ಮಿಂಗ್ಹ್ಯಾಮ್ ವಿಶ್ವವಿದ್ಯಾಲಯದವರು ಇಂಗ್ಲೆಂಡಿನ 30 ಶಾಲೆಗಳ 1,227 ವಿದ್ಯಾರ್ಥಿಗಳನ್ನು ಹೋಲಿಸಿ, ಶಾಲೆಯಲ್ಲಿ ಫೋನ್ ನಿರ್ಬಂಧಿಸಿದ ಮಾತ್ರಕ್ಕೆ ಮಕ್ಕಳ ಮಾನಸಿಕ ಆರೋಗ್ಯ ಉತ್ತಮವಾದ ಪುರಾವೆ ಇಲ್ಲವೆಂದರು. ಆಸ್ಟ್ರೇಲಿಯಾ ಅದೇ ವರ್ಷ ಡಿಸೆಂಬರ್ 10ರಿಂದ 16 ವರ್ಷದೊಳಗಿನವರಿಗೆ ಸಾಮಾಜಿಕ ಜಾಲತಾಣದ ಖಾತೆಗಳನ್ನು ನಿಷೇಧಿಸಿತು. ವಾದ ಮುಗಿದಿಲ್ಲ. ನನ್ನ ಮಟ್ಟಿಗೆ ಈ ವಾದ ಜಗ್ಗಾಡುತ್ತಿರುವುದು ಅಳತೆಗೋಲು ಗಂಟೆಯಾಗಿರುವುದರಿಂದ. ಅಜ್ಜಿಯೊಂದಿಗೆ ಕಳೆದ ಅರ್ಧ ಗಂಟೆ, ರೀಲ್ಸ್‌ನಲ್ಲಿ ಕಳೆದ ಅರ್ಧ ಗಂಟೆ, ನಡುರಾತ್ರಿ ಹಾಸಿಗೆಯಲ್ಲಿ ಚಾಟ್‌ಬಾಟ್‌ಗೆ ದುಃಖ ಹೇಳಿಕೊಂಡ ಅರ್ಧ ಗಂಟೆಯನ್ನು ಒಟ್ಟುಗೂಡಿಸಿದರೆ ಬರುವ ಮೊತ್ತಕ್ಕೆ ಅರ್ಥವಿಲ್ಲ. ಗಂಟೆಯ ಬದಲು ಮಾತನ್ನೇ ಎಣಿಸಿದ ಅಧ್ಯಯನವೊಂದು ಇದಕ್ಕಿಂತ ಹೆಚ್ಚು ಹೇಳುತ್ತದೆ. 2024ರಲ್ಲಿ ಪ್ರಕಟವಾದ ಅದರಲ್ಲಿ ಆಸ್ಟ್ರೇಲಿಯಾದ ಮೇರಿ ಬ್ರಶ್ ಮತ್ತು ಸಂಗಡಿಗರು 220 ಕುಟುಂಬಗಳ ಮಕ್ಕಳಿಗೆ ಧ್ವನಿ ದಾಖಲಿಸುವ ಪುಟ್ಟ ಸಾಧನ ತೊಡಿಸಿ ಅಳೆದರು. ಮೂರು ವರ್ಷದ ಮಗುವಿನ ಪಾಲಿಗೆ ಪರದೆಯ ಪ್ರತಿ ಹೆಚ್ಚುವರಿ ನಿಮಿಷಕ್ಕೆ ದೊಡ್ಡವರಿಂದ ಕೇಳುವ ಪದಗಳು ಸರಾಸರಿ 6.6ರಷ್ಟು ಕಡಿಮೆಯಾಗಿದ್ದವು.

ದೂರು ಎಲ್ಲವೂ ತಾಯಿಯ ತಲೆಗೇ ಬರುತ್ತದೆ ಎಂಬುದು ಈ ಸಂಶೋಧನೆಗಳನ್ನು ಓದುವಾಗ ನನ್ನನ್ನು ಕಾಡುತ್ತದೆ. ಪ್ರಯೋಗಗಳಲ್ಲಿ ಕುಳಿತವರು ಬಹುಪಾಲು ತಾಯಂದಿರೇ. ಅಪ್ಪ ಎಲ್ಲಿ? ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ಊರ ಮಕ್ಕಳ ತೂಕ, ಎತ್ತರ ತುಂಬಿಸುವ ಅಂಗನವಾಡಿ ಕಾರ್ಯಕರ್ತೆ ಮನೆಗೆ ಬಂದ ಮೇಲೂ ಫೋನ್ ಹಿಡಿದಿದ್ದರೆ ಅದು ಆಕೆಯ ಚಟವಲ್ಲ, ನೌಕರಿ. ರಾತ್ರಿ ಹತ್ತಕ್ಕೂ ಆಫೀಸಿನ ಸಂದೇಶಕ್ಕೆ ಉತ್ತರಿಸಲೇಬೇಕಾದ ಬೆಂಗಳೂರಿನ ತಂದೆಯದೂ ಅದೇ ಕಥೆ. ಕುಟುಂಬದ ನೆಮ್ಮದಿಯ ಪ್ರಶ್ನೆಯನ್ನು ಮನೆಯೊಳಗೇ ಕೂಡಿಹಾಕಿ, ಆ ಸಂದೇಶ ಕಳಿಸಿದವರನ್ನೂ ಕೊನೆಯಿಲ್ಲದ ರೀಲ್ಸ್ ಕಟ್ಟಿದವರನ್ನೂ ಹೊರಗೆ ಬಿಡುವುದು ಸರಿಯಲ್ಲ. ನಮ್ಮಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ಜಾಡು ಹಿಡಿಯುವುದನ್ನು, ಅವರತ್ತ ಗುರಿಯಿಟ್ಟು ಜಾಹೀರಾತು ನೀಡುವುದನ್ನು ನಿಷೇಧಿಸುತ್ತದೆ. ಅದು ಕಾಗದದಿಂದ ಇಳಿದು ಆಟಿಕೆಯೊಳಕ್ಕೂ ಆ್ಯಪ್‌ನೊಳಕ್ಕೂ ಹೋಗಬೇಕು.

ನಮ್ಮ ಗಡಿಗೆ ಅಂಟಿಕೊಂಡ ಸಾಂಗ್ಲಿ ಜಿಲ್ಲೆಯ ವಡಗಾಂವ್ ಎಂಬ ಹಳ್ಳಿ 2022ರಲ್ಲಿ ಒಂದು ದಾರಿ ಹಿಡಿಯಿತು. ಸಂಜೆ ಏಳಕ್ಕೆ ದೇವಸ್ಥಾನದ ಸೈರನ್ ಕೂಗಿದರೆ ಊರಿನವರು ಒಂದೂವರೆ ಗಂಟೆ ಟಿ.ವಿ, ಮೊಬೈಲ್ ಆರಿಸುತ್ತಿದ್ದರು. ನನಗೆ ಹಿಡಿಸಿದ್ದು ನಿಯಮ ದೊಡ್ಡವರಿಗೂ ಅನ್ವಯ ಎಂಬುದು. ಮಕ್ಕಳ ಕೈಯಿಂದ ಕಿತ್ತುಕೊಂಡು ತಾವು ನೋಡುತ್ತಾ ಕೂರುವ ಮನೆಗಳ ಕಥೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ನಡೆಯುತ್ತಿರುವ ‘ಶಟ್’ ಕ್ಲಿನಿಕ್ಕಿನಂಥ ಕಡೆ ಮುಗಿಯುವುದುಂಟು. ತಂತ್ರಜ್ಞಾನದ ಮಿತಿಮೀರಿದ ಬಳಕೆಗೆ ಅಲ್ಲಿ ಚಿಕಿತ್ಸೆ ಕೊಡುತ್ತಾರೆ. ಅಗತ್ಯವಿದ್ದವರು ಸಂಕೋಚ ಬಿಟ್ಟು ಹೋಗಬೇಕು.

ಸೈರನ್ ಇಲ್ಲದ ಊರುಗಳಲ್ಲಿರುವ ನಮಗೆ ಒಂದು ಕೆಲಸ ಉಳಿದಿದೆ. ಮಗು ಏನೋ ಹೇಳುತ್ತಿರುವಾಗ ಫೋನ್ ಬಂದರೆ, ತುರ್ತಿದ್ದರೆ, ತೆಗೆದುಕೊಳ್ಳಿ. ‘ಒಂದು ನಿಮಿಷ ಪುಟ್ಟಾ, ಈ ಮಾತು ಮುಗಿಸಿ ಬರ್ತೀನಿ’ ಎಂದು ಹೇಳಿ ತೆಗೆದುಕೊಳ್ಳಿ. ಮುಗಿದ ಮೇಲೆ ಇನ್ನೊಂದು ಸಂದೇಶ ತೆರೆಯದೆ, ಫೋನ್ ಕೆಳಗಿಟ್ಟು ಮಗುವಿನ ಬಳಿ ಹೋಗಿ, ‘ಏನೋ ಹೇಳ್ತಿದ್ದೆಯಲ್ಲಾ, ಎಲ್ಲಿಗೆ ನಿಲ್ಲಿಸಿದ್ದೆ?’ ಎಂದು ಕೇಳಿ.